ಸಾವಂತ್ರೆವ್ವನ ದಾವೆ

“ಎಮ್ಮಿ ಬೀಳೂ ಹೊಂಡದ ಕೆಳಗ ಹೋಗಲೇ ರಂಡಿ. ನಾವು ಕುಡಿಯೂ ನೀರ ತುಂಬೂ ಜಾಗಾ ಇದು.”

ಹಾಗೆಂದವಳು ಮೇಲ್ಜಾತಿಯವಳಲ್ಲ, ಸಾವಂತ್ರೆವ್ವನ ಸ್ವಂತ ನೆಗೆಣ್ಣಿ, ಮೈದುನನ ಹೆಂಡತಿ ಶಿವವ್ವ. ಮಸಗುಪ್ಪಿಯ ಹಳ್ಳದಲ್ಲಿ ಮೇಲಿನ ಮಡು ಗೌಡರ ಮನೆಯವರದು, ಒಕ್ಕಲುಮಕ್ಕಳದು. ಅದರ ಕೆಳಗೆ ಅಗಸರ ಕಲ್ಲು. ಅದಕ್ಕೂ ಕೆಳಗೆ ಹೊಲಗೇರಿಯವರು ಉಸುಕು ತೋಡಿ ಮಾಡಿಕೊಂಡ ವರತೆ. ವರತೆ ದಾಟಿದರೆ ಊರ ಎಮ್ಮೆಗಳು ಬೀಳುವ ಕೆಸರುಹೊಂಡ. ಹೊಂಡದ ಆಚೆ ನೀರು ಎತ್ತ ಹೋಗುತ್ತದೆಂದು ನೋಡುವ ಗರಜು ಊರಲ್ಲಿ ಯಾರಿಗೂ ಬಿದ್ದಿರಲಿಲ್ಲ. ಸಾವಂತ್ರೆವ್ವನಿಗೆ ಬಿದ್ದಿತ್ತು.

ಅವಳು ಅರಿವೆಯ ಗಂಟನ್ನು ಎತ್ತಿಕೊಂಡು ಎಮ್ಮೆಗಳನ್ನು ಸುತ್ತಿ ಕೆಳಗೆ ಹೋದಳು. ಗಂಟಿನಲ್ಲಿ ಇದ್ದವೆಲ್ಲ ಹಳೆಯ ಸೀರೆಯ ಹರಕುಗಳು. ಒಂದು ತೊಯ್ದರೆ ಇನ್ನೊಂದು, ಅದೂ ತೊಯ್ದರೆ ಮತ್ತೊಂದು. ಕೂತರೂ ನಿಂತರೂ ಮಲಗಿದರೂ ಅವಳ ಮೈಯಿಂದ ಉಚ್ಚೆ ತಾನಾಗಿ ಇಳಿಯುತ್ತಿತ್ತು. ಅದನ್ನು ಹಿಡಿದಿಡುವಂಥದ್ದು ಮೈಯಲ್ಲಿ ಏನೂ ಉಳಿದಿರಲಿಲ್ಲ. ತೊಡೆಯ ಸಂದು ಸುಲಿದು ಕೆಂಪಗಾಗಿತ್ತು. ಅವಳಿಗಿಂತ ಮೊದಲು ಅವಳ ನಾತ ಬರುತ್ತಿತ್ತು, ಅವಳು ಎದ್ದು ಹೋದ ಮೇಲೂ ಕೂತಿರುತ್ತಿತ್ತು. ಸೋರುವುದು ಕಡಿಮೆಯಾಗಲೆಂದು ನೀರು ಕುಡಿಯುವುದನ್ನೇ ಬಿಟ್ಟಂತಿದ್ದಳು. ತುಟಿ ಒಡೆದು ರಕ್ತ ಜಿನುಗಿದರೂ ನಾಲಿಗೆ ಒದ್ದೆಯಾಗುವಷ್ಟೇ ನೀರು.

ಹೋದ ಸುಗ್ಗಿಯ ತನಕ ಅವಳು ಹೀಗಿರಲಿಲ್ಲ. ಗೌಡರ ಹೊಲದಲ್ಲಿ ಜೋಳ ಕೊಯ್ಯಲು ನಿಂತರೆ ಸಾಲು ಹಿಡಿದು ಎಲ್ಲರಿಗಿಂತ ಮುಂದೆ ಹೋಗುವವಳು, ಹಿಂದೆ ಉಳಿದವರನ್ನು ಹಾಡು ಕಟ್ಟಿ ಅಣಗಿಸುವವಳು. ಗಂಡ ಅಲ್ಲಪ್ಪ ಚಾವಡಿಯ ವಾಲೀಕಾರ. ಗೌಡರು ಕೂಗಿದಾಗ ಓಡುವುದು, ಕುಲಕರ್ಣಿಯ ದಫ್ತರ ಹೊತ್ತು ಗೋಕಾಕಕ್ಕೆ ನಡೆಯುವುದು, ದನ ಸತ್ತರೆ ಎಳೆಯುವುದು ಅವನ ಪಾಲಿನ ಕೆಲಸ. ಹೊಡೆದು ಬಡಿಯುವ ಗಂಡನಲ್ಲ. ಸಂತೆಗೆ ಹೋದರೆ ಬಳೆ ತರುತ್ತಿದ್ದ. ಅಂಥವನು, ಅತ್ತೆ ಅವಳ ಗಂಗಾಳ, ಕೌದಿ ಎತ್ತಿ ಅಂಗಳಕ್ಕೆ ಇಟ್ಟ ದಿನ ಅಲ್ಲೇ ಕೂತು ಹಗ್ಗ ಹೊಸೆಯುತ್ತಿದ್ದವನು ತಲೆ ಎತ್ತಲಿಲ್ಲ. ದೇವರ ಸಿಟ್ಟು ಎಂದಿತು ಕೇರಿ. ಹಾದರದ ರೋಗ ಎಂದಿತು ಊರು.

ಅವಳನ್ನು ಕರೆದು ಇರಿಸಿಕೊಂಡವಳು ಗುಡ್ಡವ್ವ ಒಬ್ಬಳೇ. ಹಿಂದು ಮುಂದು ಯಾರೂ ಇಲ್ಲದ ಮುದುಕಿ, ಕೇರಿಯ ಸೂಲಗಿತ್ತಿ. ಗೌಡರ ಸೊಸೆಯ ಹೆರಿಗೆಗೂ ಹಿತ್ತಲ ಬಾಗಿಲಿಂದ ಹೋಗಿ ಕೂಸನ್ನು ಎತ್ತಿ ಕೊಟ್ಟು, ತಾನು ಎದ್ದು ಬಂದ ಮೇಲೆ ಅವರು ನೆಲ ಸಾರಿಸುವುದನ್ನೂ ನೋಡಿದವಳು. ಸಾವಂತ್ರೆವ್ವನಿಗೆ ತನ್ನ ಗುಡಿಸಲಿನ ಹಿಂದೆ ಆಡಿನ ಹಕ್ಕೆಯಲ್ಲಿ ಉಸುಕು, ಬೂದಿ ಹಾಸಿ ಕೊಟ್ಟಳು. ತೊಯ್ದ ಉಸುಕನ್ನು ಬೆಳಿಗ್ಗೆ ತಾನೇ ಬಾಚಿ ಹೊರಗೆ ಹಾಕುತ್ತಿದ್ದಳು.

ಆದದ್ದು ಇಷ್ಟು. ನೋವು ಸುರುವಾಗಿ ಹಗಲು ಕಳೆದು ಮತ್ತೊಂದು ಹಗಲು ಬಂದರೂ ಕೂಸು ಇಳಿಯಲಿಲ್ಲ. ಒಂದು ಎಳೆಯ ಕೈ ಮಾತ್ರ ಹೊರಗೆ ಬಂತು. ಗುಡ್ಡವ್ವ ಅದನ್ನು ನೋಡಿ ಹಿಂದೆ ಸರಿದಳು. ಇದು ನನ್ನ ಕೈಯ ಮಾತಲ್ಲ, ಬಂಡಿ ಕಟ್ಟಿರಿ ಎಂದಳು. ಅಲ್ಲಪ್ಪ ಗೌಡರ ಕಾಲಿಗೆ ಬಿದ್ದು ಗೊಬ್ಬರದ ಬಂಡಿ ತಂದ. ಗುಡ್ಡವ್ವನೂ ಹತ್ತಿದಳು. ಅರಭಾವಿ ದಾಟಿ ಗೋಕಾಕ ಮುಟ್ಟುವಷ್ಟರಲ್ಲಿ ಸಾವಂತ್ರೆವ್ವನಿಗೆ ಎಚ್ಚರ ಹೋಗುತ್ತಿತ್ತು, ಬರುತ್ತಿತ್ತು.

ಪೇಟೆಯ ಹಿಂದೆ ಒಬ್ಬ ಅರಳೆ ವ್ಯಾಪಾರಿ ತನ್ನ ತಂದೆಯ ಹೆಸರಲ್ಲಿ ಕಟ್ಟಿಸಿದ ಧರ್ಮದವಾಖಾನೆ ಇತ್ತು. ಅಲ್ಲಿಯ ಡಾಕ್ಟರು ಭಾಲಚಂದ್ರರಾಯರು, ಮುಂಬಯಿಯಲ್ಲಿ ಕಲಿತು ಬಂದವರು. ಅವತ್ತು ಹುಕ್ಕೇರಿಯಲ್ಲಿ ಅವರ ಮಾವನ ಮನೆಯಲ್ಲಿ ಮುಂಜಿವೆ. ಜರಿಯಂಚಿನ ಧೋತರ ಉಟ್ಟು, ಗಂಧ ಹಚ್ಚಿಕೊಂಡು ಹೊರಟು ನಿಂತಿದ್ದರು. ಬಾಗಿಲಲ್ಲಿ ಬಾಡಿಗೆಯ ಮೋಟಾರು. ಸಾವಂತ್ರೆವ್ವನನ್ನು ಹಿಂದಿನ ಪಡಸಾಲೆಯಲ್ಲಿ, ಔಷಧದ ಬಾಟಲಿ ತೊಳೆಯುವ ಕಲ್ಲಿನ ಮಗ್ಗುಲಿಗೆ ಮಲಗಿಸಿದರು.

ಆಮೇಲಿನದು ಅವಳಿಗೆ ಎಲ್ಲವೂ ನೆನಪಿಲ್ಲ. ನೆನಪಿದ್ದದ್ದು ಮಾತ್ರ ಅಳಿಸುವಂಥದ್ದಲ್ಲ. ರಾಯರು ಹೊಸ್ತಿಲ ಆಚೆ ನಿಂತಿದ್ದರು, ಮೂಗಿಗೆ ಅತ್ತರಿನ ಕರವಸ್ತ್ರ ಹಿಡಿದುಕೊಂಡು. ಒಳಗೆ ಬಂದವನು ಕಂಪೌಂಡರ್ ಕೇದಾರಿ, ಔಷಧ ಕಲಸಿ ಬಾಟಲಿಗೆ ಹಾಕುವವನು. ಅವನ ಕೈಯಲ್ಲಿ ಕಬ್ಬಿಣದ ಕೊಂಡಿ ಇತ್ತು. ಇದನ್ನು ನಾನು ಯಾವತ್ತೂ ಮಾಡಿದವನಲ್ಲ ಎಂದು ಅವನು ತಿರುಗಿ ತಿರುಗಿ ಹೇಳುತ್ತಿದ್ದ.

“ನಾ ಹೇಳಿದ್ಹಂಗ ಮಾಡು,” ಎಂದರು ರಾಯರು. “ಈಗ ಇಕೀನ್ನ ಮುಟ್ಟಿದ್ರ ಮತ್ತ ಸ್ನಾನ ಆಗಬೇಕು. ಅಲ್ಲಿ ಮುಹೂರ್ತ ಮೀರ್ತದ.”

ಒಳಗೆ ಹಾಕು ಎಂದರು. ಹೊರಳಿಸು ಎಂದರು. ಎಳೆ ಎಂದರು. ಹೊರಗೆ ಮೋಟಾರು ಕೂಗಿತು. ಇನ್ನೂ ಜೋರಾಗಿ ಎಳೆ ಎಂದರು. ಹಳೆಯ ಕೌದಿ ಹರಿದಂಥ ಸಪ್ಪಳ ತನ್ನ ಮೈಯೊಳಗಿಂದಲೇ ಬಂದದ್ದನ್ನು ಸಾವಂತ್ರೆವ್ವ ಕೇಳಿದಳು. ಕೂಸು ಬಂತು, ಇಡಿಯಾಗಿ ಬರಲಿಲ್ಲ. ಗುಡ್ಡವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಕೇದಾರಿ ಗೋಡೆಗೆ ಒರಗಿ ಕೂತು ವಾಂತಿ ಮಾಡಿಕೊಂಡ. ಹೊಸ್ತಿಲ ಆಚೆ ಆಗ ಯಾರೂ ಇರಲಿಲ್ಲ, ಮೋಟಾರು ಹೋಗಿತ್ತು.

ಸೋರುವುದು ಸುರುವಾದ ಮೇಲೆ ಗುಡ್ಡವ್ವ ಅವಳನ್ನು ಮತ್ತೆ ಅಲ್ಲಿಗೆ ನಡೆಸಿಕೊಂಡು ಹೋದಳು. ರಾಯರು ಮೆಟ್ಟಿಲ ಮೇಲಿಂದಲೇ ಮಾತಾಡಿದರು. ಜೀವ ಉಳಿದದ್ದೇ ಪುಣ್ಯ ಎಂದುಕೊಳ್ಳಬೇಕು, ನಿಮ್ಮ ಮುದುಕಿ ಹೊಲಸು ಕೈ ಹಾಕಿ ಹರಿದಿದ್ದಾಳೆ, ಅದಕ್ಕೆ ನಾನೇನು ಮಾಡಲಿ ಎಂದರು. ಹೆಂಗಸರಿಬ್ಬರೂ ಅಂಗಳ ದಾಟಿ ಹೊರಳಿ ನೋಡಿದರೆ ತಾವು ನಿಂತಿದ್ದ ಜಾಗಕ್ಕೆ ಆಳು ಫಿನಾಯಿಲು ಸುರಿಯುತ್ತಿದ್ದ.

ದಾವೆಯ ಮಾತು ಎತ್ತಿದವರು ಪರಪ್ಪ ವಕೀಲರು. ಗೋಕಾಕದಲ್ಲಿ ಅಡತಿ ಅಂಗಡಿ ಇದ್ದ ಶರಣರ ಮನೆತನ, ತಲೆಯ ಮೇಲೆ ಖಾದಿ ಟೋಪಿ, ಕುಲ ಯಾವುದೆಂದು ಕೇಳಬೇಡಿ ಎಂಬ ಮಾತು ಬಾಯಲ್ಲಿ. ಲೋಕಲ್ ಬೋರ್ಡಿನ ಚುನಾವಣೆ ಬಂದಿತ್ತು. ವಕೀಲರ ಷಡ್ಡಕ ನಿಂತಿದ್ದ, ಅವನ ಎದುರಿಗೆ ನಿಂತವರು ಭಾಲಚಂದ್ರರಾಯರು. ವಕೀಲರು ಹಳ್ಳಿ ಹಳ್ಳಿ ತಿರುಗುತ್ತ ಮಸಗುಪ್ಪಿಯ ಹೊಲಗೇರಿಗೂ ಬಂದು ಹುಣಸೆಯ ಮರದ ಕೆಳಗೆ ಭಾಷಣ ಮಾಡಿದರು. ಭಾಷಣ ಮುಗಿದ ಮೇಲೆ ಗುಡ್ಡವ್ವ ಅವರ ಧೋತರದ ಚುಂಗು ಮುಟ್ಟದ ಹಾಗೆ ಅಡ್ಡ ನಿಂತು, ಒಂದು ಹೆಣ ಇದೆ, ಇನ್ನೂ ಉಸಿರಾಡುತ್ತದೆ, ನೋಡಿ ಬರ್ರಿ ಎಂದಳು.

ವಕೀಲರು ಹಕ್ಕೆಯ ಬಾಯಿಗೆ ಬಂದು ನಿಂತರು. ಮೂಗು ಮುಚ್ಚಲಿಲ್ಲ. ಸಾವಂತ್ರೆವ್ವ ಅದನ್ನು ನೋಡಿದಳು. ಆಕೆ ಅವರ ಮಾತು ನಂಬಿದ್ದು ಅದೊಂದಕ್ಕೇ. ಡಾಕ್ಟರು ಅಂದ ಮೇಲೆ ಮೈಗೆ ಹೊಣೆ, ಹೊಣೆ ತಪ್ಪಿದರೆ ಕೋರ್ಟು ಕೇಳುತ್ತದೆ, ಸಾಹೇಬನಿರಲಿ ಬ್ರಾಹ್ಮಣನಿರಲಿ ಎಂದು ಅವರು ಹೇಳಿದರು. ದಾವೆ ನಾನೇ ನಡೆಸುತ್ತೇನೆ, ನೀವು ಏನೂ ಕೊಡಬೇಡಿ ಎಂದರು. ಮಿರಜಿಯ ಬಿಳಿಯ ಹೆಂಗಸರ ದವಾಖಾನೆಯಲ್ಲಿ ಇಂಥ ತೂತನ್ನು ಹೊಲಿಯುತ್ತಾರೆಂದೂ ಮಾತಿನ ನಡುವೆ ಹೇಳಿದರು.

ತೂತು. ಆ ತನಕ ಅವಳಿಗೆ ಯಾರೂ ಆ ಶಬ್ದ ಹೇಳಿರಲಿಲ್ಲ. ಶಾಪವಾದರೆ ಹೊತ್ತುಕೊಂಡು ತಿರುಗಬೇಕು, ತೂತಾದರೆ ಹೊಲಿಯಬಹುದು. ಸಾವಂತ್ರೆವ್ವ ಒಂದೇ ಮಾತು ಕೇಳಿದಳು.

“ಆ ರಾಯರು ಮಂದಿ ಮುಂದ ನಿಂತು, ಇದು ಇಕಿ ಪಾಪ ಅಲ್ಲ, ನಮ್ಮ ಕೈಲೆ ಆತು ಅಂತಾರೇನ್ರಿ?”

ಕೋರ್ಟು ಅನ್ನಿಸುತ್ತದೆ ಎಂದರು ವಕೀಲರು.

ಅವರು ಹೋದ ಮೇಲೆ ಗುಡ್ಡವ್ವ ತಲೆ ಅಲ್ಲಾಡಿಸಿದಳು. ತೋರಿಸಿದವಳು ತಾನೇ ಆದರೂ ದಾವೆ ಎಂದ ಕೂಡಲೇ ಅವಳಿಗೆ ಹೆದರಿಕೆ ಹೊಕ್ಕಿತ್ತು. “ಎರಡು ಕೋಣ ಗುದ್ಯಾಡಿದ್ರ ನಡಬರಕ ಸಾಯೂದು ಹುಲ್ಲು, ಮಗಳ,” ಎಂದಳು. ಸಾವಂತ್ರೆವ್ವ ಉಸುಕು ಕೆದರುತ್ತ, ಹುಲ್ಲು ಈಗಾಗಲೇ ಸತ್ತೈತಿ ಅಂದಳು.

ಕೋರ್ಟಿನ ಕರೆ ಹೊರಟ ಸುದ್ದಿ ಊರಿಗೆ ಬಂದ ದಿನ ಗೌಡರು ಅಲ್ಲಪ್ಪನನ್ನು ಚಾವಡಿಗೆ ಕರೆಸಿದರು. ಗೌಡರ ಹೊಟ್ಟೆಶೂಲೆಗೆ ಮದ್ದು ಕೊಟ್ಟವರು ಭಾಲಚಂದ್ರರಾಯರೇ. ಊರ ಹಿರಿಯರೆಲ್ಲ ಕಟ್ಟೆಯ ಮೇಲೆ ಕೂತಿದ್ದರು. ಗೌಡರು ತಮ್ಮ ಮೆಟ್ಟು ಕಳಚಿ ಅಂಗಳಕ್ಕೆ ಒಗೆದು, ತಲೆಯ ಮೇಲೆ ಇಟ್ಟುಕೊಂಡು ನಿಲ್ಲು ಎಂದರು. ಅಲ್ಲಪ್ಪ ನಿಂತ.

“ಹೇಂತೀನ ಹಿಡೀಲಾರದ ಭಾಡ್ಯಾ, ನಿನಗ್ಯಾಕಲೇ ವಾಲೀಕಾರಿಕಿ? ಹಾರೂರ ಮ್ಯಾಲೆ ದಾವೆ ಹಾಕೂವಷ್ಟು ಮಸ್ತಿ ಬಂತೇನು ಆ ಉಚ್ಚಿಬುರುಕಿಗೆ? ನಾಳೆ ನನ್ನ ಮ್ಯಾಲೆ ಹಾಕ್ತಾಳ.”

ಅಲ್ಲಪ್ಪ ಮೆಟ್ಟು ಹೊತ್ತು ಬಿಸಿಲಿನಲ್ಲಿ ನಿಂತೇ ಇದ್ದ. ಸಾಯಂಕಾಲ ಗೌಡರು ಕೆಳಗಿಳಿಸು ಎಂದಾಗ ಒಪ್ಪಂದ ಮುಗಿದಿತ್ತು. ರಾಯರ ಕಡೆಯ ಸಾಕ್ಷಿ ಹೇಳಲಿಕ್ಕೆ ಅಲ್ಲಪ್ಪ. ಹೇಳದಿದ್ದರೆ ವಾಲೀಕಾರಿಕೆ ತಮ್ಮನಿಗೆ, ಗುಡಿಸಲು ಗೌಡರ ಜಾಗದಲ್ಲಿ ಇದ್ದದ್ದರಿಂದ ಅದೂ ಇಲ್ಲ.

ಆ ಸುದ್ದಿಯನ್ನು ಸಾವಂತ್ರೆವ್ವನಿಗೆ ಮುಟ್ಟಿಸಿದವಳೂ ಶಿವವ್ವನೇ, ವರತೆಯ ಮೇಲೆ ನಿಂತು. ಅದಾದ ಒಂದೆರಡು ದಿನಕ್ಕೆ ಹಳ್ಳದ ದಾರಿಯಲ್ಲಿ ಅಲ್ಲಪ್ಪ ಎದುರಾದ. ಗಾಳಿ ಅವಳ ಕಡೆಯಿಂದ ಬೀಸುತ್ತಿತ್ತು. ಅವನು ದಾರಿ ಬಿಟ್ಟು ಮುಳ್ಳಿಗೆ ಸರಿದು ನಿಂತು ನೆಲಕ್ಕೆ ಹೇಳಿದ, “ನಂಗ ಆ ವಾಲೀಕಾರಿಕಿ ಒಂದ ಐತಿ.”

“ನಂಗೇನ ಐತಿ?” ಎಂದಳು ಸಾವಂತ್ರೆವ್ವ.

ಅವಳು ಹೋದ ಮೇಲೂ ಅವನು ಮುಳ್ಳಿನಲ್ಲೇ ನಿಂತಿದ್ದ.

ತಾರೀಖಿನ ದಿನ ಇಬ್ಬರು ಹೆಂಗಸರೂ ನಡೆದೇ ಗೋಕಾಕಕ್ಕೆ ಹೋದರು. ಬಂಡಿಯವರು ಯಾರೂ ಹತ್ತಿಸಿಕೊಳ್ಳಲಿಲ್ಲ. ಕೋರ್ಟಿನಲ್ಲಿ ಮಾನ ಉಳಿಯಲೆಂದು ಸಾವಂತ್ರೆವ್ವ ಹಿಂದಿನ ಮಧ್ಯಾಹ್ನದಿಂದ ನೀರು ಮುಟ್ಟಿರಲಿಲ್ಲ. ಒಣಗಿದ ಹರಕುಗಳನ್ನೆಲ್ಲ ಮಡಿಕೆ ಮಾಡಿ ಕಟ್ಟಿಕೊಂಡು, ಗುಡ್ಡವ್ವನ ಪೆಟ್ಟಿಗೆಯಲ್ಲಿದ್ದ ಒಂದು ಒಳ್ಳೆಯ ಇಳಕಲ್ಲ ಸೀರೆ ಉಟ್ಟಿದ್ದಳು. ಯಾರದೋ ಬಾಣಂತನಕ್ಕೆ ಬಂದ ಸೀರೆ, ಮುದುಕಿ ತನ್ನ ಮಣ್ಣಿಗೆಂದು ಇಟ್ಟುಕೊಂಡದ್ದು.

ಕೋರ್ಟಿನ ಪಟ್ಟೇವಾಲಾ ಮೆಟ್ಟಿಲಲ್ಲೇ ತಡೆದ. “ಹೊಲೇರ ಸಾಕ್ಷಿ ಪಡಸಾಲಿ ಕೆಳಗ. ಅಲ್ಲೇ ನಿಂದ್ರು, ನಾ ಒಳಗ ಹೇಳ್ತೀನಿ.”

ಹಾಗಾಗಿ ಅವಳ ಮಾತು ಒಳಗೆ ಹೋದದ್ದು ಅವನ ಬಾಯಿಂದ. ಅವಳು ಹತ್ತು ಮಾತು ಹೇಳಿದರೆ ಅವನು ನಾಲ್ಕು ಒಳಗೆ ದಾಟಿಸುತ್ತಿದ್ದ. ಡಾಕ್ಟರು ಹೊಸ್ತಿಲಲ್ಲಿ ನಿಂತು, ಮುಟ್ಟಿದರೆ ಸ್ನಾನ ಆಗಬೇಕು ಎಂದು ಕಂಪೌಂಡರನ ಕೈಯಿಂದ ಮಾಡಿಸಿದರು ಎಂದು ಅವಳು ಕೂಗಿ ಹೇಳಿದಳು. “ಡಾಕ್ಟರು ಅಲ್ಲೇ ಇದ್ರು ಅಂತಾಳ್ರಿ ಸಾಹೇಬ್ರ,” ಎಂದ ಪಟ್ಟೇವಾಲಾ. ಅವಳು ಇಲ್ಲ ಇಲ್ಲ ಎನ್ನುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿತ್ತು. ತೆರೆದ ಬಾಗಿಲಿಂದ ಅವಳಿಗೆ ಒಳಗಿನದು ಒಂದು ಪಟ್ಟಿಯಷ್ಟೇ ಕಾಣುತ್ತಿತ್ತು: ಮೇಜಿನ ಹಿಂದೆ ಮುನ್ಸೀಫ ಸಾಹೇಬರು, ಅವರ ಮಗ್ಗುಲಿಗೆ ಮರ್ಯಾದೆಯೆಂದು ಹಾಕಿಸಿಕೊಟ್ಟ ತೋಳಿನ ಕುರ್ಚಿಯಲ್ಲಿ ಭಾಲಚಂದ್ರರಾಯರು.

ರಾಯರು ಹೆರಿಗೆಯನ್ನು ತಾವೇ, ತಮ್ಮ ಕೈಯಿಂದಲೇ ಮಾಡಿದ್ದಾಗಿ ಹೇಳಿದರು. ಹೆಂಗಸು ಬರುವಷ್ಟರಲ್ಲೇ ಒಳಗೆಲ್ಲ ಹರಿದು ಹೋಗಿತ್ತು, ಹಳ್ಳಿಯ ಸೂಲಗಿತ್ತಿಯ ಉಗುರಿನ ಕೆಲಸ ಎಂದರು. ಪರಪ್ಪ ವಕೀಲರು ಎದ್ದು, ತಾವು ಈ ಹೆಂಗಸಿನ ಮೈ ಮುಟ್ಟಿದಿರಾ ಎಂದು ಕೇಳಿದರು. ಬೆಂಚಿನ ಮೇಲೆ ಹುಕ್ಕೇರಿಯಿಂದ ಬಂದ ರಾಯರ ಮಾವ ಕೂತಿದ್ದರು, ಜುಟ್ಟು, ವಿಭೂತಿ, ಮೊಣಕಾಲ ಮೇಲೆ ಪಂಚಪಾತ್ರೆಯ ಚೀಲ. ರಾಯರು ಅವರನ್ನು ಒಮ್ಮೆ ನೋಡಿದರು.

“ವೈದ್ಯಧರ್ಮ. ಮುಟ್ಟಿದೆ. ಮನೀಗೆ ಹೋಗಿ ಸ್ನಾನ ಮಾಡಿ, ಜನಿವಾರ ಬದಲಿಸಿ, ಪಂಚಗವ್ಯ ತಗೊಂಡೆ.”

ಮಾವ ತಲೆದೂಗಿದರು. ಮುನ್ಸೀಫ ಸಾಹೇಬರು ಬರೆದುಕೊಂಡರು.

ಆಮೇಲೆ ಕೇದಾರಿ ಬಂದ. ಸೊರಗಿ ಕಡ್ಡಿಯಾಗಿದ್ದ. ರಾಯರೇ ಎಲ್ಲ ಮಾಡಿದರು, ನಾನು ಬಾಟಲಿ ತೊಳೆಯುತ್ತಿದ್ದೆ ಎಂದು ನೆಲ ನೋಡುತ್ತ ಹೇಳಿದ. ಸಾವಂತ್ರೆವ್ವ ಮೆಟ್ಟಿಲ ಕೆಳಗಿಂದ, “ಕೇದಾರ್ಯಾ, ನನ್ನ ಮಾರಿ ನೋಡಿ ಹೇಳು,” ಎಂದಳು. ಪಟ್ಟೇವಾಲಾ ಅವಳ ಕಾಲ ಬಳಿ ಕೋಲು ಕುಟ್ಟಿದ. ಪರಪ್ಪ ವಕೀಲರು ಏಳುತ್ತಾರೆ, ಮುಂಜಿವೆಯ ಮಾತು, ಮೋಟಾರಿನ ಮಾತು ಎತ್ತುತ್ತಾರೆ ಎಂದು ಅವಳು ಕಾದಳು. ಹಿಂದಿನ ವಾರ ಅವರೇ ಅವಳಿಂದ ಅದನ್ನೆಲ್ಲ ಎರಡೆರಡು ಸಲ ಹೇಳಿಸಿಕೊಂಡಿದ್ದರು. ಅವರು ಏಳಲಿಲ್ಲ. ಟೋಪಿ ತೆಗೆದು ಗಾಳಿ ಹಾಕಿಕೊಂಡರು.

ಕೊನೆಗೆ ಪಡಸಾಲೆಯ ಇನ್ನೊಂದು ತುದಿಯ ಕೆಳಗಿಂದ ಅಲ್ಲಪ್ಪ ಸಾಕ್ಷಿ ಹೇಳಿದ. ಗುಡ್ಡವ್ವ ಕೈ ಹಾಕಿದ್ದು ಖರೆ ಎಂದ. ಗುಡ್ಡವ್ವ ಅಂಗಳದ ಬೇವಿನ ಮರದ ಕೆಳಗೆ ಕೂತು ಎಲ್ಲ ಕೇಳಿಸಿಕೊಂಡಳು. ಅವನ ಹೆರಿಗೆಯನ್ನೂ ಅವಳೇ ಮಾಡಿಸಿದ್ದಳು.

ಮಧ್ಯಾಹ್ನದ ಬಿಡುವಿನಲ್ಲಿ ವಕೀಲರು ಬೇವಿನ ನೆರಳಿಗೆ ಬಂದರು. ಈ ಸಲ ಸ್ವಲ್ಪ ದೂರದಲ್ಲೇ ನಿಂತರು. ಇನ್ನು ಎಳೆದಾಡುವುದು ಬೇಡ ಎಂದರು. ರಾಯರು ಒಳ್ಳೆಯ ಮನಸ್ಸು ಮಾಡಿದ್ದಾರೆ; ಬೋರ್ಡಿನ ಚುನಾವಣೆಯಿಂದಲೂ ಹಿಂದೆ ಸರಿದಿದ್ದಾರೆ. ಮಿರಜಿಗೆ ತಾವೇ ಹೇಳಿ ಕಳಿಸುತ್ತಾರೆ, ಅಲ್ಲಿ ಹೊಲಿಸಿಕೊಂಡು ನೀನು ಮೊದಲಿನಂತಾಗುತ್ತೀ. ನೀನು ಹೇಳಬೇಕಾದದ್ದು ಇಷ್ಟೇ.

“ಬಿಡುವು ಮುಗದ ಮ್ಯಾಲೆ ಕೂಗ್ತಾರ. ನಂಗ ತಿಳೀದ ಹೇಳಿದ್ನಿ, ಹರದದ್ದು ಗುಡ್ಡವ್ವನ ಕೈಲೆ ಅನ್ನು. ಮುಗೀತು.”

ಗುಡ್ಡವ್ವನಿಗೆ ಏನಾಗುತ್ತದೆ ಎಂದು ಸಾವಂತ್ರೆವ್ವ ಕೇಳಿದಳು. ಪೊಲೀಸ ಪೋಜದಾರರು ಕರೆದು ಕೇಳಬಹುದು, ನಾಲ್ಕು ದಿನ ಇಟ್ಟುಕೊಳ್ಳಬಹುದು, ಮುದುಕಿ ಅಂತ ನಾನು ಹೇಳಿ ಬಿಡಿಸುತ್ತೇನೆ ಎಂದು ವಕೀಲರು ಬೇರೆ ಕಡೆ ನೋಡುತ್ತ ಹೇಳಿದರು. ಆಮೇಲೆ ಯಾರೋ ಕರೆದರೆಂದು ಹೋದರು. ಅವರ ಷಡ್ಡಕ ಗೇಟಿನ ಹತ್ತಿರ ರಾಯರ ಮಾವನಿಗೆ ಎಲೆಯಡಿಕೆ ಕೊಡುತ್ತಿದ್ದ.

ಆಮೇಲೆ ಗುಡ್ಡವ್ವನೇ ಅಂದಳು.

“ಹೇಳಿಬಿಡು ಮಗಳ. ನಿನಗ ಇನ್ನ ಬಾಳೇ ಐತಿ. ನನ್ನ ಕೈ ಇನ್ನೆಷ್ಟ ದಿನದ್ದು? ಜೇಲಿನ್ಯಾಗೂ ರೊಟ್ಟಿ ಹಾಕ್ತಾರಂತ.”

ಸಾವಂತ್ರೆವ್ವ ಆ ಕೈ ನೋಡಿದಳು. ಉಗುರು ಕಲ್ಲಿಗೆ ತಿಕ್ಕಿ ತಿಕ್ಕಿ ಮೊಂಡಾಗಿದ್ದವು. ಬೆಳಿಗ್ಗೆ ಬಾಚಿದ ಉಸುಕು ಇನ್ನೂ ಗೆರೆಗಳಲ್ಲಿತ್ತು. ಅವಳಿಗೆ ಆಸೆ ಇರಲಿಲ್ಲವೆಂದಲ್ಲ. ಒಣ ಕೌದಿಯ ಮೇಲೆ ಒಂದು ನಿದ್ದೆ. ಜೋಳದ ಸಾಲಿನಲ್ಲಿ ಮಗ್ಗುಲಿಗೆ ಇನ್ನೊಬ್ಬಳು ನಿಲ್ಲುವುದು. ನೀರಡಿಸಿದಾಗ ನೀರು. ಸಂತೆಯ ಬಳೆ. ಒಂದು ಮಾತಿನಿಂದ ಅದೆಲ್ಲ ಬರುವುದಾದರೆ ಆ ಮಾತು ಎಷ್ಟು ಸಣ್ಣದು. ಮುದುಕಿಯೇ ಹೇಳು ಎನ್ನುತ್ತಿದ್ದಾಳೆ. ಅವಳು ಆ ಮಾತನ್ನು ಬಾಯಲ್ಲಿ ಇಟ್ಟು ನೋಡಿದಳು. ಗುಡ್ಡವ್ವನ ಕೈಲೆ. ಒಣಗಿದ ಬಾಯಲ್ಲಿ ಅದು ಅಂಟಿಕೊಂಡಿತು, ಮುಂದೆ ಹೊರಳಲಿಲ್ಲ.

ಕೋರ್ಟಿನ ಅಂಗಳದಲ್ಲಿ ಟಾಂಗಾದ ಕುದುರೆಗಳಿಗೆ ಕಲ್ಲಿನ ದೋಣಿ ಇತ್ತು. ಸಾವಂತ್ರೆವ್ವ ಎದ್ದು ಹೋಗಿ ಅದರ ಮುಂದೆ ಕುಕ್ಕರಿಸಿದಳು. ಎರಡೂ ಕೈಯಿಂದ ಮೊಗೆದು ಕುಡಿದಳು. ಗುಡ್ಡವ್ವ ಹಿಂದೆಯೇ ಬಂದು, ಬೇಡ ಮಗಳೇ, ಇನ್ನೂ ಮಂದಿಯ ಮುಂದೆ ನಿಲ್ಲಬೇಕು ಎಂದಳು. ಸಾವಂತ್ರೆವ್ವ ಬಾಯಿ ದೋಣಿಗೇ ಹಚ್ಚಿದಳು. ಟಾಂಗಾದವರು ಬಯ್ದರು, ಕುದುರೆ ಇನ್ನು ಕುಡಿಯುವುದಿಲ್ಲ ಎಂದು ಚಾವಟಿ ಎತ್ತಿದರು. ಅವಳು ಕುಡಿದಳು. ಹೊಟ್ಟೆ ಬಿಗಿದು ನೋಯುವ ತನಕ ಕುಡಿದಳು. ತಿಂಗಳುಗಟ್ಟಲೆ ಅಷ್ಟು ನೀರು ಕುಡಿದಿರಲಿಲ್ಲ. ತಲೆ ತಿರುಗಿತು, ಕಣ್ಣಿಗೆ ನೀರು ಬಂತು. ಆಮೇಲೆ ಮರದ ಹಿಂದೆ ಹೋಗಿ ಒಳಗೆ ಕಟ್ಟಿಕೊಂಡ ಹರಕುಗಳನ್ನು ಒಂದೊಂದೇ ಬಿಚ್ಚಿ ಗುಡ್ಡವ್ವನ ಕೈಗೆ ಕೊಟ್ಟಳು.

“ಇದೇನವ್ವ?” ಎಂದಳು ಮುದುಕಿ.

“ಹಿಡಕೋ,” ಎಂದಳು.

ಬಿಡುವು ಮುಗಿಯಿತು. ಪಟ್ಟೇವಾಲಾ ಪಡಸಾಲೆಗೆ ಬಂದು ಅವಳ ಹೆಸರು ಕೂಗಿದ. ಅವಳು ಮೆಟ್ಟಿಲು ಹತ್ತಿದಳು. ಎಲ್ಲಿ ಬರ್ತೀ ಎಂದು ಅವನು ಕೋಲು ಅಡ್ಡ ಹಿಡಿದ. ಅವಳು ನಿಲ್ಲದೆ ಬಂದದ್ದನ್ನು ನೋಡಿ, ತಾಗೀತೆಂದು ತಾನೇ ಕೋಲು ಹಿಂದೆಳೆದುಕೊಂಡ. ಬಾಗಿಲಲ್ಲಿ ನಿಂತ ಕಕ್ಷಿದಾರರು ಗೋಡೆಗೆ ಅಂಟಿದರು. ವಕೀಲರ ಗುಂಪು ಎರಡಾಗಿ ಒಡೆಯಿತು. ಅವಳಿಗೆ ಯಾರನ್ನೂ ದೂಡುವ ಕೆಲಸ ಬೀಳಲಿಲ್ಲ, ದಾರಿ ತಾನೇ ಬಿಟ್ಟುಕೊಳ್ಳುತ್ತ ಹೋಯಿತು. ಭಾಲಚಂದ್ರರಾಯರು ಇನ್ನೂ ಹೊರಗೆ ಮಾವನ ಜೊತೆ ಮಾತಾಡುತ್ತಿದ್ದರು. ಅವರ ಕುರ್ಚಿ ಖಾಲಿ ಇತ್ತು. ಸಾವಂತ್ರೆವ್ವ ಅದರಲ್ಲಿ ಕೂತಳು.

“ಇಲ್ಲಿಂದ ಹೇಳ್ತೀನ್ರಿ ಸಾಹೇಬ್ರ,” ಎಂದಳು. “ಅಲ್ಲಿಂದ ಹೇಳಿದ್ದು ನಿಮಗ ಮುಟ್ಟವಲ್ದು. ಗುಡ್ಡವ್ವನ ಕೈಲೆ ನಂಗ ಏನೂ ಆಗಿಲ್ಲ. ಆ ರಾಯರ ಕೈಲೆನೂ ಆಗಿಲ್ಲ, ಅವರು ನನ್ನ ಮುಟ್ಟೇ ಇಲ್ಲ. ತಾವು ಮುಟ್ಟಬಾರದಂತ ಬಾಟ್ಲಿ ತೊಳಿಯವನ ಕೈಯಾಗ ಕೊಂಡಿ ಕೊಟ್ರು. ಅದನ್ನ ಬರೀರಿ.”

ಮುನ್ಸೀಫ ಸಾಹೇಬರ ಲೇಖಣಿ ಎತ್ತಿದ್ದಲ್ಲೇ ನಿಂತಿತ್ತು. ಮೊದಲು ಏಳು ಎಂದರು. ಅವಳು ಏಳಲಿಲ್ಲ. ಎಬ್ಬಿಸಿರಿ ಇವಳನ್ನು ಎಂದರು. ಪಟ್ಟೇವಾಲಾ ಪೊಲೀಸನನ್ನು ನೋಡಿದ. ಪೊಲೀಸ ಪಟ್ಟೇವಾಲಾನನ್ನು ನೋಡಿದ. ಅಷ್ಟರಲ್ಲಿ ಒಳಗಿನ ನೀರು ಇಳಿಯತೊಡಗಿತ್ತು. ಇಳಕಲ್ಲ ಸೀರೆ ಕಪ್ಪಾಯಿತು, ಕುರ್ಚಿಯ ಬೆತ್ತದ ಹೆಣಿಗೆಯಿಂದ ತೊಟ್ಟು ಬಿತ್ತು, ತೊಟ್ಟು ಎಳೆಯಾಯಿತು. ನಾತ ಎದ್ದಿತು. ಮುಂದಿನ ಬೆಂಚಿನವರು ಎದ್ದರು, ಆಮೇಲೆ ಹಿಂದಿನ ಬೆಂಚಿನವರೂ.

ಪೊಲೀಸ ಲಾಠಿಯ ತುದಿಯಿಂದ ಅವಳ ಭುಜ ತಿವಿದ. ಅವಳು ಆ ತುದಿ ಹಿಡಿದಳು. ಅವನು ಕೈಬಿಟ್ಟ. ಲಾಠಿ ನೆಲಕ್ಕೆ ಬಿದ್ದು ಉರುಳಿತು, ಅದನ್ನೂ ಯಾರೂ ಎತ್ತಲಿಲ್ಲ.

ಬಾಗಿಲಿಗೆ ಬಂದ ರಾಯರು ಕರವಸ್ತ್ರದ ಒಳಗಿಂದ ಹೇಳಿದರು, “ಅಕೀ ಗಂಡ ಹೊರಗಿದ್ದಾನಲಾ. ಅವನ್ನ ಕರೀರಿ. ಅವನಿಗೇನ ಮೈಲಿಗಿ?”

ಅಲ್ಲಪ್ಪನನ್ನು ಕರೆದರು. ಎಷ್ಟೋ ವರುಷ ಕುಲಕರ್ಣಿಯ ದಫ್ತರ ಹೊತ್ತು ಇಲ್ಲಿಗೆ ಬಂದವನು, ಹೊಸ್ತಿಲಲ್ಲಿ ರೂಢಿಯಂತೆ ತಾನಾಗಿ ನಿಂತುಬಿಟ್ಟ. ಒಳಗೆ ಬಾರಲೇ ಎಂದು ನಾಲ್ಕು ಬಾಯಿ ಗದರಿದವು. ಅವನು ಕಾಲು ಎತ್ತಿ ಒಳಗಿಟ್ಟ. ಕೈ ಹಿಡಿದು ಎಳಿ ಎಂದರು.

ಅವನು ಕುರ್ಚಿಯ ಮುಂದೆ ಬಂದು ನಿಂತ.

“ಮುಟ್ಟು ಬಾ,” ಎಂದಳು ಸಾವಂತ್ರೆವ್ವ. ದನಿ ಏರಿಸಲಿಲ್ಲ. “ಸುಗ್ಗಿ ಹೋಗಿ ಸುಗ್ಗಿ ಬಂತು, ನೀ ಮುಟ್ಟಿಲ್ಲ. ಈಗ ಸರಕಾರ ಹೇಳಾಕತ್ತೈತಿ. ಈಗರ ಮುಟ್ಟು.”

ಅವನ ಕೈ ಏಳಲಿಲ್ಲ. ನೆಲದ ಮೇಲೆ ಹರಿದು ಬಂದದ್ದು ಅವನ ಕಾಲ ಬೆರಳು ತೊಯ್ಸಿ, ಅವನನ್ನು ಬಳಸಿಕೊಂಡು ಮುನ್ಸೀಫರ ಮೇಜಿನ ಕೆಳಗಿನ ಜಮಖಾನೆಯ ಕಡೆ ಹೊರಟಿತ್ತು. ಅಲ್ಲಪ್ಪ ಅದನ್ನು ನೋಡಿದ. ತಲೆಯ ರುಮಾಲು ಬಿಚ್ಚಿದ, ಮೊಣಕಾಲೂರಿದ, ಒರೆಸತೊಡಗಿದ. ಜಮಖಾನೆ ತೊಯ್ಯುವ ಮೊದಲು ಅಡ್ಡ ಹಾಕಿ ಒರೆಸಿದ, ಹಿಂಡಿದ, ಮತ್ತೆ ಒರೆಸಿದ. ಒರೆಸಿದಲ್ಲೇ ಮತ್ತೆ ಬಂತು.

“ಒರಸಬ್ಯಾಡ,” ಎಂದಳು ಅವಳು. “ಇರ್ಲಿ ಅದು.”

ಹೊರಗೆ ಯಾರೋ ಹಗ್ಗ ತರ್ರಿ, ಕುರ್ಚಿ ಸಮೇತ ಎಳೆಯೋಣ ಎಂದು ಕೂಗುತ್ತಿದ್ದರು. ಅಲ್ಲಪ್ಪನ ಕೈ ತೊಯ್ದ ರುಮಾಲಿನ ಮೇಲೆ ಹಾಗೇ ನಿಂತಿತು. ಅವನು ಎತ್ತಲೂ ಇಲ್ಲ, ಒರೆಸಲೂ ಇಲ್ಲ. ನೀರಿನ ಎಳೆಯೊಂದು ಅವನ ಬೆರಳ ಸಂದಿಯಿಂದ ದಾಟಿ ಜಮಖಾನೆಯ ಅಂಚಿಗೆ ಹತ್ತಿತು.